ಮುಚ್ಚಿದಾಗ ಎಷ್ಟು ಕೆಲಸಕ್ಕೆ ಬರುತ್ತದೆ? ಫ್ಲಿಪ್ ಫೋನ್ ಕೊಳ್ಳುವವರಿಗೆ ಒಂದು ಹೋಲಿಕೆ

ನಡುವಿಗೆ ಮಡಚಿ ಮುಚ್ಚುವ ಫ್ಲಿಪ್ ಫೋನನ್ನು ಅಂಗಡಿಯಲ್ಲಿ ನಾವು ನೋಡುವ ಕ್ರಮವೇ ತಲೆಕೆಳಗು. ಸೇಲ್ಸ್‌ಮನ್ ಫೋನು ಬಿಚ್ಚಿ ಕೈಗಿಡುತ್ತಾನೆ. ಒಳಗಿನ ದೊಡ್ಡ ಪರದೆಯ ಮೇಲೆ ಬೆರಳಾಡಿಸುತ್ತೇವೆ, ಒಂದು ವಿಡಿಯೊ ಹಾಕಿಸುತ್ತೇವೆ, ಮಧ್ಯದ ಗೆರೆ ಕಾಣುತ್ತದೋ ಇಲ್ಲವೋ ಎಂದು ಓರೆಯಾಗಿ ಹಿಡಿದು ನೋಡುತ್ತೇವೆ, ಎರಡು ಸಲ ಟಪ್ಪೆಂದು ಮುಚ್ಚಿ ವಾಪಸ್ ಕೊಡುತ್ತೇವೆ. ಆದರೆ ಬಿಚ್ಚಿದ ಮೇಲೆ ಅದೂ ಎಲ್ಲ ಫೋನುಗಳಂಥದೇ ಒಂದು ಫೋನು. ಅಷ್ಟೇ ದುಡ್ಡಿಗೆ ಸಿಗುವ ಮಾಮೂಲಿ ಫೋನಿನ ಪಕ್ಕ ಇಟ್ಟರೆ ಕ್ಯಾಮೆರಾದಲ್ಲಿ ತುಸು ಹಿಂದೆ, ಗಟ್ಟಿತನದಲ್ಲಿ ಇನ್ನಷ್ಟು ಹಿಂದೆ. ನಾವು ಹೆಚ್ಚಿಗೆ ಎಣಿಸಿ ಕೊಡುವ ಹಣವೆಲ್ಲ ಹೋಗುವುದು ಮುಚ್ಚಿದ ಫೋನಿಗೆ. ದಿನದಲ್ಲಿ ಎಷ್ಟು ಕೆಲಸ ಅದನ್ನು ಬಿಚ್ಚದೆ ಮುಗಿಯುತ್ತದೆ ಎಂಬುದರ ಮೇಲೆ ಅದು ದುಬಾರಿಯೋ ಅಲ್ಲವೋ ತೀರ್ಮಾನವಾಗಬೇಕು. ಮುಂದಿನ ಹೋಲಿಕೆಯನ್ನೆಲ್ಲ ಆ ಒಂದೇ ಅಳತೆಗೋಲಿನಿಂದ ಮಾಡಿದ್ದೇನೆ.

ಕಣದಲ್ಲಿ ಯಾರಿದ್ದಾರೆ

ಭಾರತದಲ್ಲಿ 2025ರಲ್ಲಿ ಬಂದ ಫ್ಲಿಪ್‌ಗಳ ಪೈಕಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದವು ನಾಲ್ಕು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಝಡ್ ಫ್ಲಿಪ್ 7, ಬಿಡುಗಡೆಯ ಬೆಲೆ 1,09,999 ರೂಪಾಯಿ. ಅದರ ತಮ್ಮ ಫ್ಲಿಪ್ 7 ಎಫ್‌ಇ, 89,999. ಮೊಟೊರೊಲಾ ರೇಜರ್ 60 ಅಲ್ಟ್ರಾ, 99,999. ಮತ್ತು ಬರೀ ರೇಜರ್ 60, 49,999. ಇವು ಬಿಡುಗಡೆಯ ದಿನದ ಬೆಲೆಗಳು. ದಸರಾ, ದೀಪಾವಳಿ ಸೇಲ್‌ಗಳಲ್ಲಿ, ಬ್ಯಾಂಕ್ ಕಾರ್ಡಿನ ರಿಯಾಯಿತಿಯಲ್ಲಿ ಇಳಿಯುತ್ತವೆ. ಅದರಲ್ಲೂ ಮೊಟೊರೊಲಾದ್ದು ಬೇಗ ಇಳಿಯುತ್ತದೆ, ಹಾಗಾಗಿ ಅದನ್ನು ಬಂದ ವಾರವೇ ಕೊಳ್ಳುವುದರಲ್ಲಿ ಅರ್ಥವಿಲ್ಲ. ಹಿಂದಿನ ವರ್ಷದ ರೇಜರ್ 50, ಫ್ಲಿಪ್ 6 ಕೂಡ ಅಂಗಡಿಗಳಲ್ಲಿ ಅಲ್ಲಲ್ಲಿ ಉಳಿದಿರಬಹುದು.

ಇವುಗಳ ಎದುರಿಗೆ ನಿಲ್ಲಿಸಬೇಕಾದ್ದು ಇನ್ನೊಂದು ಫ್ಲಿಪ್ ಅಲ್ಲ, ಮಡಚದ ಫೋನು. ಸ್ಯಾಮ್‌ಸಂಗ್‌ನದೇ ಗ್ಯಾಲಕ್ಸಿ ಎಸ್25 ಜನವರಿ 2025ರಲ್ಲಿ 80,999ಕ್ಕೆ ಬಂತು. ಅಂದರೆ ಎಫ್‌ಇಗಿಂತ ಒಂಬತ್ತು ಸಾವಿರ ಕಡಿಮೆ. ಅದರಲ್ಲಿ ದೂರದ್ದನ್ನು ಹತ್ತಿರ ತರುವ ಟೆಲಿಫೋಟೊ ಕ್ಯಾಮೆರಾ ಇದೆ, ಫ್ಲಿಪ್ 7ರಲ್ಲೂ ಎಫ್‌ಇಯಲ್ಲೂ ಇಲ್ಲ. ಅದು 162 ಗ್ರಾಮ್, ಫ್ಲಿಪ್ 7 188 ಗ್ರಾಮ್. ದೂಳಿಗೆ ಅದು ಪೂರ್ತಿ ಅಂಕ ಪಡೆದಿದೆ, ನೀರಿಗೂ ಒಳ್ಳೆಯ ಅಂಕ. ಕಾಗದದ ಮೇಲೆ ಪಂದ್ಯ ಇಲ್ಲಿಗೇ ಮುಗಿಯಿತು. ಆದರೂ ಜನ ಫ್ಲಿಪ್ ಕೊಳ್ಳುತ್ತಾರೆ, ಅದು ಬರೀ ಶೋಕಿಗಲ್ಲ.

ಮುಚ್ಚಿದ ಫೋನು ಕೊಡುವ ಸುಖ

ಮುಚ್ಚಿದ ಫ್ಲಿಪ್ 7ರ ಎತ್ತರ ಎಂಟೂವರೆ ಸೆಂಟಿಮೀಟರ್, ಅಗಲ ಏಳೂವರೆ. ಈಗಿನ ಉದ್ದುದ್ದ ಫೋನುಗಳು ಅಂಗಿಯ ಜೇಬಿನಿಂದ ಅರ್ಧ ತಲೆ ಹೊರಹಾಕಿ ನಿಂತಿರುತ್ತವೆ. ಚಪ್ಪಲಿ ಬಿಡಲು ಬಗ್ಗಿದರೆ, ದೇವಸ್ಥಾನದಲ್ಲಿ ನಮಸ್ಕರಿಸಿದರೆ, ಬಾವಿಗೋ ಸಂಪಿಗೋ ಇಣುಕಿದರೆ ಜಾರಿ ಬೀಳುತ್ತವೆ. ಫ್ಲಿಪ್ ಜೇಬಿನ ತಳದಲ್ಲಿ ಕೂರುತ್ತದೆ. ಹೆಣ್ಣುಮಕ್ಕಳ ಕುರ್ತಾಕ್ಕೆ ದರ್ಜಿಗಳು ಇಡುವ ಚೋಟುದ್ದದ ಜೇಬಿಗೆ, ಮದುವೆಗೆ ಒಯ್ಯುವ ಪುಟ್ಟ ಪರ್ಸಿಗೆ ಪೂರ್ತಿಯಾಗಿ ಹಿಡಿಸುವ ಫೋನು ಇದೊಂದೇ. ಫ್ಲಿಪ್ ಬೇಕೆಂದು ಮೊದಲು ಕೇಳುವವರು ಹೆಂಗಸರೇ ಆಗಿದ್ದರೆ ಅದಕ್ಕೆ ಬಣ್ಣ ಕಾರಣವಲ್ಲ, ಜೇಬು ಕಾರಣ. ಬಿಗಿ ಜೀನ್ಸ್ ಹಾಕುವವರಿಗೆ ಮಾತ್ರ ದಪ್ಪ ಚುಚ್ಚೀತು. ರೇಜರ್‌ಗಳು ಮುಚ್ಚಿದಾಗ ಹದಿನಾರು ಮಿಲಿಮೀಟರಿನ ಆಸುಪಾಸು, ಫ್ಲಿಪ್ 7 13.7.

ಆ 13.7ಕ್ಕೆ ಒಂದು ಕುತೂಹಲದ ಹಿನ್ನೆಲೆ ಇದೆ. 2004ರಲ್ಲಿ ಬಂದ ಮೊದಲ ಮೊಟೊರೊಲಾ ರೇಜರ್ ವಿ3 ಮುಚ್ಚಿದಾಗ 13.9 ಮಿ.ಮೀ. ಇತ್ತು. ಒಂದೇ ಲೋಹದ ಹಾಳೆಯಲ್ಲಿ ಕೊರೆದ ಕೀಪ್ಯಾಡು, ನೀಲಿ ಬೆಳಕು, 95 ಗ್ರಾಮ್ ತೂಕ. ಆ ಕಾಲಕ್ಕೆ ಅದು ಬ್ಲೇಡಿನಷ್ಟು ತೆಳು ಎನಿಸಿತ್ತು, 13 ಕೋಟಿಗೂ ಹೆಚ್ಚು ಮಾರಾಟವಾಯಿತು. ಗಾಜಿನ ಪರದೆಯನ್ನೇ ಮಡಚುವ ಸ್ಯಾಮ್‌ಸಂಗ್ ಫ್ಲಿಪ್ ಆ ತೆಳುವನ್ನು ದಾಟಿದ್ದು 21 ವರ್ಷದ ಮೇಲೆ.

ಮುಚ್ಚಿದಾಗ ಹೊರಮೈಮೇಲೆ ಕಾಣುವ ಹೊರಪರದೆ ಈಗ ನಿಜಕ್ಕೂ ಪರದೆಯೇ. ರೇಜರ್ 60 ಅಲ್ಟ್ರಾದಲ್ಲಿ 4 ಇಂಚು, ಫ್ಲಿಪ್ 7ರಲ್ಲಿ 4.1, ರೇಜರ್ 60ರಲ್ಲಿ 3.6, ಎಫ್‌ಇಯಲ್ಲಿ 3.4. ಇಂಚುಗಳ ವ್ಯತ್ಯಾಸಕ್ಕಿಂತ ಅದರೊಳಗೆ ಏನು ಬಿಡುತ್ತಾರೆ ಎಂಬುದು ಮುಖ್ಯ. ಮೊಟೊರೊಲಾ ಹೆಚ್ಚುಕಡಿಮೆ ಯಾವ ಆ್ಯಪನ್ನು ಬೇಕಾದರೂ ಹೊರಗೆ ತೆರೆಯಲು ಬಿಡುತ್ತದೆ: ಮ್ಯಾಪು, ವಾಟ್ಸ್‌ಆ್ಯಪು, ಊಬರ್, ಯಾವುದಾದರೂ ಸರಿ. ಸ್ಯಾಮ್‌ಸಂಗ್ ತಾನು ಆಯ್ದ ಕೆಲವನ್ನು ಮಾತ್ರ ಬಿಟ್ಟು, ಉಳಿದವಕ್ಕೆ ಗುಡ್ ಲಾಕ್ ಎಂಬ ತನ್ನದೇ ಇನ್ನೊಂದು ಆ್ಯಪ್ ಹಾಕಿ ಅದರೊಳಗೆ ಮಲ್ಟಿಸ್ಟಾರ್ ಎಂಬುದನ್ನು ಹುಡುಕಿ ಜೋಡಿಸಿಕೊಳ್ಳಿ ಎನ್ನುತ್ತದೆ. ಕಷ್ಟದ ಕೆಲಸವಲ್ಲ. ಆದರೆ ಲಕ್ಷ ರೂಪಾಯಿ ಕೊಟ್ಟವರು ಯಾಕೆ ಹುಡುಕಬೇಕು? ನನ್ನ ಅಳತೆಗೋಲಿನಲ್ಲಿ ಮೊಟೊರೊಲಾಗೆ ದೊಡ್ಡ ಅಂಕ ಬೀಳುವುದು ಇಲ್ಲೇ.

ಹೊರಗಡೆಯಿಂದಲೇ ಸಲೀಸಾಗಿ ಆಗುವ ಕೆಲಸ: ಕರೆ ಸ್ವೀಕರಿಸುವುದು, ಹಾಡು ಬದಲಿಸುವುದು, ಒಟಿಪಿ ನೋಡುವುದು, ಟ್ಯಾಕ್ಸಿ ಎಲ್ಲಿದೆ ಎಂದು ನೋಡುವುದು, "ಬಂದೆ, ಹತ್ತು ನಿಮಿಷ" ಎಂದು ಬಾಯಲ್ಲಿ ಹೇಳಿ ಕಳಿಸುವುದು. ಕನ್ನಡದಲ್ಲಿ ಟೈಪ್ ಮಾಡುವುದು ಮಾತ್ರ ಕಷ್ಟ. ಕನ್ನಡ ಕೀಬೋರ್ಡ್ ಎದ್ದ ಕೂಡಲೇ ಪರದೆಯ ಬಹುಭಾಗ ಅದಕ್ಕೇ ಹೋಗುತ್ತದೆ, ಒತ್ತಕ್ಷರ ಇರುವ ಒಂದು ಪದಕ್ಕೆ ಬೆರಳು ನಾಲ್ಕು ಕಡೆ ತಪ್ಪುತ್ತದೆ. ಮಾತಿನಿಂದ ಟೈಪ್ ಮಾಡುವವರಾದರೆ ಆ ತೊಂದರೆ ಇಲ್ಲ.

ಕ್ಯಾಮೆರಾದ ವಿಷಯದಲ್ಲಿ ಮುಚ್ಚಿದ ಫೋನು ಎಲ್ಲ ಮಾಮೂಲಿ ಫೋನುಗಳನ್ನೂ ಹಿಂದೆ ಹಾಕುವ ಒಂದು ಜಾಗ ಇದೆ. ಸೆಲ್ಫಿಗೆ ಬೇರೆಯವರು ಮುಂದಿನ ಸಣ್ಣ ಕ್ಯಾಮೆರಾ ಬಳಸಿದರೆ, ಫ್ಲಿಪ್‌ನವರು ಹಿಂದಿನ 50 ಮೆಗಾಪಿಕ್ಸೆಲ್ ಕ್ಯಾಮೆರಾವನ್ನೇ ತಮ್ಮತ್ತ ತಿರುಗಿಸಿ, ಪಕ್ಕದ ಪರದೆಯಲ್ಲಿ ತಮ್ಮನ್ನು ನೋಡಿಕೊಂಡು ತೆಗೆಯಬಹುದು. ಇನ್ನು ಅರ್ಧ ಬಿಚ್ಚಿ ಕಟ್ಟೆಯ ಮೇಲೆ ಕೂರಿಸಿದರೆ ಸ್ಟ್ಯಾಂಡೂ ಬೇಡ. ಅಂಗೈ ತೋರಿಸಿದರೆ ಎಣಿಸಿ ತಾನೇ ಕ್ಲಿಕ್ಕಿಸುತ್ತದೆ. ಗುಂಪಿನ ಫೋಟೊದಲ್ಲಿ ಯಾವಾಗಲೂ ಒಬ್ಬರು ತಪ್ಪಿಹೋಗುವ ಮನೆಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಅಮೆರಿಕದಲ್ಲಿರುವ ಮಗಳ ಜೊತೆ ವಿಡಿಯೊ ಕಾಲ್ ಮಾಡುತ್ತಲೇ ಸೊಪ್ಪು ಬಿಡಿಸುವವರಿಗೂ ಅಷ್ಟೇ.

ಸ್ಕ್ಯಾನ್ ಮಾಡಿ ಹಣ ಕೊಡುವ ಊರಲ್ಲಿ

ವಿದೇಶದ ವಿಮರ್ಶೆಗಳು ಹೇಳದ, ನಮಗೆ ಮಾತ್ರ ಬಾಧಿಸುವ ಒಂದು ಕೊರತೆ ಇದೆ. ನಮ್ಮ ದಿನದಲ್ಲಿ ಫೋನನ್ನು ಜೇಬಿನಿಂದ ತೆಗೆಯುವ ಮುಖ್ಯ ಕಾರಣ ಕ್ಯುಆರ್ ಕೋಡು. ಎಳನೀರಿನವನಿಂದ ಹಿಡಿದು ಪೆಟ್ರೋಲ್ ಬಂಕಿನವರೆಗೆ ಸ್ಕ್ಯಾನ್ ಮಾಡುತ್ತೇವೆ. ಫ್ಲಿಪ್ ಫೋನಿನಲ್ಲಿ ಹೊರಪರದೆಯೂ ಕ್ಯಾಮೆರಾಗಳೂ ಒಂದೇ ಮೈಮೇಲಿವೆ. ಮುಚ್ಚಿದ ಫೋನಿನ ಕ್ಯಾಮೆರಾವನ್ನು ಗೋಡೆಯ ಕೋಡಿಗೆ ಹಿಡಿದರೆ ಪರದೆಯೂ ಗೋಡೆಯ ಕಡೆಗೇ ತಿರುಗುತ್ತದೆ. ಎಲ್ಲಿ ಹಿಡಿದಿದ್ದೀರಿ ಎಂಬುದು ನಿಮಗೆ ಕಾಣುವುದಿಲ್ಲ. ಸೆಲ್ಫಿಗೆ ವರವಾದ ಜೋಡಣೆಯೇ ಸ್ಕ್ಯಾನಿಗೆ ಶಾಪ. ಹಾಗಾಗಿ ಪ್ರತಿ ಸಲವೂ ಬಿಚ್ಚಲೇಬೇಕು.

ಬಿಚ್ಚಲು ಎಷ್ಟು ಹೊತ್ತು ಎನ್ನಬಹುದು. ಒಂದು ಕೈಯಲ್ಲಿ ತರಕಾರಿ ಚೀಲ ಇರುವಾಗ ಕೇಳಿ ನೋಡಿ. ಹಳೇ ಕೀಪ್ಯಾಡ್ ಫ್ಲಿಪ್‌ಗಳಂತೆ ಹೆಬ್ಬೆರಳಲ್ಲಿ ಚಿಮ್ಮಿಸಿದರೆ ತೆರೆದುಕೊಳ್ಳುವ ಕೀಲು ಇವಕ್ಕಿಲ್ಲ. ಅರ್ಧದಲ್ಲಿ ನಿಲ್ಲಿಸಲು ಕೀಲು ಬಿಗಿಯಾಗಿರಬೇಕು, ಬಿಗಿಯಾದ ಕೀಲಿಗೆ ಎರಡು ಕೈ ಬೇಕು. ಅಭ್ಯಾಸವಾದರೆ ಒಂದೇ ಕೈಯಲ್ಲಿ ಬಿಚ್ಚುವವರಿದ್ದಾರೆ, ಉಗುರಿಗೆ ಮಾತ್ರ ಕೆಲಸ. ಅಂಗಡಿಯವರ ನಂಬರಿಗೋ ಪರಿಚಯದವರಿಗೋ ಹಣ ಕಳಿಸುವುದಾದರೆ ಹೊರಪರದೆಯಲ್ಲೇ ಆದೀತು, ಆದರೆ ಪಿನ್ ಒತ್ತುವಾಗ ಅಂಕಿಗಳು ಇಕ್ಕಟ್ಟು. ದಿನಕ್ಕೆ ಹತ್ತಾರು ಸಲ ಸ್ಕ್ಯಾನ್ ಮಾಡುವ ವ್ಯಾಪಾರಿ, ಡೆಲಿವರಿ ಹುಡುಗ, ಸದಾ ಓಡಾಟದಲ್ಲಿರುವ ಮಾರಾಟ ಪ್ರತಿನಿಧಿ, ಇಂಥವರಿಗೆ ನಾನು ಫ್ಲಿಪ್ ಬೇಡವೇ ಬೇಡ ಎನ್ನುತ್ತೇನೆ.

ಕೀಲು, ದೂಳು, ಒಳಗಿನ ಗಾಜು

ಮಧ್ಯದ ಗೆರೆಗೆ ಜನ ಹೆದರುವಷ್ಟು ಹೆದರಬೇಕಿಲ್ಲ. ನೇರವಾಗಿ ನೋಡುವಾಗ ಕಾಣುವುದಿಲ್ಲ, ಬೆರಳಿಗೆ ಸಿಕ್ಕರೂ ಕೆಲವೇ ದಿನಗಳಲ್ಲಿ ಮರೆತುಹೋಗುತ್ತದೆ. ಹೆದರಬೇಕಾದ್ದು ದೂಳಿಗೆ.

ಫ್ಲಿಪ್ 7, ಎಫ್‌ಇ, ಎರಡೂ ರೇಜರ್ 60, ಇವೆಲ್ಲ ಐಪಿ48. ಐಪಿ ಎಂದರೆ ದೂಳು ನೀರು ತಡೆಯುವುದಕ್ಕೆ ಕೊಡುವ ಅಂಕ. ಈ ಎರಡು ಅಂಕಿಗಳನ್ನು ಬಿಡಿಸಿ ಓದಬೇಕು. ಎರಡನೆಯ 8 ನೀರಿನದು. ಒಂದೂವರೆ ಮೀಟರ್ ಸಿಹಿನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆದೀತು ಎಂದು ಕಂಪನಿಗಳ ಮಾತು. ಮಳೆಗೆ, ಬಚ್ಚಲಿಗೆ ಬಿದ್ದದ್ದಕ್ಕೆ ಸಾಕು. ಮೊದಲನೆಯ 4 ದೂಳಿನದು, ಮತ್ತು ಅದು ದೂಳಿನದಲ್ಲವೇ ಅಲ್ಲ! ಒಂದು ಮಿಲಿಮೀಟರಿಗಿಂತ ದಪ್ಪ ವಸ್ತು ಒಳಹೋಗದು ಎಂದಷ್ಟೇ ಅದರ ಭರವಸೆ. ನಮ್ಮ ಕೆಂಪು ಮಣ್ಣಿನ ರಸ್ತೆಯ ದೂಳು, ಮೆಟ್ರೋ ಕಾಮಗಾರಿಯ ಪಕ್ಕದ ಸಿಮೆಂಟು, ಮಲ್ಪೆ ಗೋಕರ್ಣದ ಮರಳಿನ ನುಸಿ ಎಲ್ಲವೂ ಅದಕ್ಕಿಂತ ಎಷ್ಟೋ ಸಣ್ಣವು. ಹಿಂದಿನ ರೇಜರ್ 50ಯಲ್ಲಿರುವ ಐಪಿಎಕ್ಸ್8ರಲ್ಲಿ ದೂಳಿನ ಜಾಗದಲ್ಲಿ ಎಕ್ಸ್ ಇದೆ. ಅಂದರೆ ದೂಳಿಗೆ ಯಾವ ಅಂಕವೂ ಇಲ್ಲ. ಎಸ್25ನ ಐಪಿ68ರಲ್ಲಿರುವ 6 ಮಾತ್ರ ನಿಜವಾದ ದೂಳಿನ ಅಂಕ.

ಕೀಲಿನೊಳಗೆ ಹೋದ ಮರಳು ಕರಕರ ಎನ್ನುತ್ತದೆ, ಅಷ್ಟೇ ಆದರೆ ಪುಣ್ಯ. ಪರದೆಯ ಮೇಲೆ ಕೂತ ಒಂದು ಹರಳು ಫೋನು ಮುಚ್ಚಿದಾಗ ಎರಡೂ ಪದರಗಳ ನಡುವೆ ಸಿಕ್ಕಿ ಒಳಗಾಜನ್ನು ಒತ್ತುತ್ತದೆ. ಸ್ಯಾಮ್‌ಸಂಗ್ ಮಡಿಕೆಯ ಗಾಜು ಹೆಚ್ಚುಕಡಿಮೆ ತಲೆಕೂದಲಿನಷ್ಟು ತೆಳು. ಅಷ್ಟು ತೆಳುವಾದ್ದರಿಂದಲೇ ಬಾಗುತ್ತದೆ. ಅದರ ಮೇಲೆ ಕಾರ್ಖಾನೆಯಲ್ಲೇ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದು ಸ್ಕ್ರೀನ್ ಗಾರ್ಡಿನಂತೆ ಕಾಣುತ್ತದೆ, ಆದರೆ ಪರದೆಯದೇ ಭಾಗ. ಅಂಚಿನಲ್ಲಿ ಎದ್ದಿದೆ ಎಂದು ಕಿತ್ತರೆ ಪರದೆಯೂ ಹೋಗುತ್ತದೆ. ಮಡಿಕೆಯ ಉದ್ದಕ್ಕೂ ಗುಳ್ಳೆ ಬಂದರೆ ಸರ್ವಿಸ್ ಸೆಂಟರಿನಲ್ಲಿ ಹಾಳೆ ಬದಲಿಸಿಕೊಡುತ್ತಾರೆ. ಬೀದಿಯ ಅಂಗಡಿಯಲ್ಲಿ ನೂರು ರೂಪಾಯಿಗೆ ಟೆಂಪರ್ಡ್ ಗ್ಲಾಸ್ ಹಾಕಿಸುವ ನಮ್ಮ ರೂಢಿ ಇಲ್ಲಿ ನಡೆಯದು, ಬಾಗುವ ಪರದೆಯ ಮೇಲೆ ಬಾಗದ ಗಾಜು ಕೂರುವುದಿಲ್ಲ.

ಮಡಿಕೆಯ ಆಯುಷ್ಯ ಎಷ್ಟು? ಹಿಂದಿನ ಕೆಲವು ಫ್ಲಿಪ್‌ಗಳನ್ನು 2 ಲಕ್ಷ ಸಲ ಮಡಚಿ ಪರೀಕ್ಷಿಸಿದ್ದಾಗಿ ಸ್ಯಾಮ್‌ಸಂಗ್ ಹೇಳಿತ್ತು. ದಿನಕ್ಕೆ ನೂರು ಸಲ ಬಿಚ್ಚಿದರೆ ಐದೂವರೆ ವರ್ಷ ಬಂತು, ಇನ್ನೂರು ಸಲ ಬಿಚ್ಚಿದರೆ ಮೂರು ವರ್ಷಕ್ಕೂ ಕಡಿಮೆ. ಆ ಪರೀಕ್ಷೆ ಯಂತ್ರದ ಕೈಯಲ್ಲಿ, ಶುಚಿಯಾದ ಕೋಣೆಯಲ್ಲಿ ನಡೆದದ್ದು. ಅಡಿಕೆ ಅಂಗಳದಲ್ಲೋ, ಮನೆ ಕಟ್ಟಿಸುತ್ತಿರುವ ಸೈಟಿನಲ್ಲೋ ಬಳಸುವ ಫೋನಿಗೆ ಆ ಲೆಕ್ಕ ಹೊಂದುವುದಿಲ್ಲ. ಒಳಪರದೆ ಹೋದರೆ ಖರ್ಚು ಹತ್ತಾರು ಸಾವಿರ. ಬೆಂಗಳೂರಿನಲ್ಲಿದ್ದರೆ ಬೇಗ ಮುಗಿದೀತು. ಸಣ್ಣ ಊರಿನವರು ಕೊಳ್ಳುವ ಮೊದಲೇ ಹತ್ತಿರದ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ ಮಡಚುವ ಫೋನಿನ ಪರದೆ ಇಲ್ಲೇ ಬದಲಿಸುತ್ತೀರಾ, ಎಷ್ಟು ದಿನ, ಎಷ್ಟು ದುಡ್ಡು ಎಂದು ಮೂರು ಪ್ರಶ್ನೆ ಕೇಳಿ ಬರಲಿ. ಬೇರೆ ಫೋನುಗಳಿಗೆ ಇನ್ಶೂರೆನ್ಸ್ ಬೇಡ ಎನ್ನುವವನು ನಾನು, ಇದಕ್ಕೆ ಮಾತ್ರ ಬೇಕು. ಫ್ಲಿಪ್‌ನ ಬೆಲೆ ಎಂದರೆ ಫೋನು ಮತ್ತು ಮೊದಲ ಎರಡು ವರ್ಷದ ಇನ್ಶೂರೆನ್ಸ್ ಪ್ಲಾನು ಎರಡೂ ಸೇರಿದ್ದು ಎಂದೇ ಲೆಕ್ಕ ಹಾಕಿ.

ಬ್ಯಾಟರಿ ಮತ್ತು ಉಳಿದದ್ದು

ಅರ್ಧ ಮೈಗೆ ಒಂದೊಂದರಂತೆ ಎರಡು ಸಣ್ಣ ಬ್ಯಾಟರಿಗಳನ್ನು ಜೋಡಿಸಿರುತ್ತಾರೆ, ನಡುವಿನ ಜಾಗ ಕೀಲಿಗೆ ಹೋಗುತ್ತದೆ. ಹಾಗಾಗಿ ಫ್ಲಿಪ್ 7ಕ್ಕೆ 4,300 ಎಂಎಎಚ್, ಎಫ್‌ಇಗೆ 4,000, ರೇಜರ್ 60ಕ್ಕೆ 4,500, ಅಲ್ಟ್ರಾಗೆ 4,700. ಇದರ ಮೂರನೇ ಒಂದು ಪಾಲು ಬೆಲೆಯ ಮಾಮೂಲಿ ಫೋನುಗಳಲ್ಲಿ ಈಗ 6,000 ಸಿಗುತ್ತಿದೆ. ಮುಚ್ಚಿಟ್ಟು ಹೊರಪರದೆಯಲ್ಲೇ ಕೆಲಸ ಮುಗಿಸುವವರಿಗೆ ಸಂಜೆವರೆಗೆ ಬರುತ್ತದೆ, ಬಿಚ್ಚಿಟ್ಟು ರೀಲ್ಸ್ ನೋಡುವವರಿಗೆ ಬರುವುದಿಲ್ಲ. ಚಾರ್ಜ್ ಆಗುವ ವೇಗದಲ್ಲಿ ಅಲ್ಟ್ರಾದ 68 ವ್ಯಾಟಿನ ಮುಂದೆ ಸ್ಯಾಮ್‌ಸಂಗ್‌ನ 25 ಸೋಮಾರಿ, ಮೇಲಾಗಿ ಸ್ಯಾಮ್‌ಸಂಗ್ ಡಬ್ಬಿಯಲ್ಲಿ ಚಾರ್ಜರೂ ಇಲ್ಲ.

ಸ್ಯಾಮ್‌ಸಂಗ್ ಇದಕ್ಕೆ ಬದಲಾಗಿ ಕೊಡುವುದು ಆಯುಷ್ಯ. ಏಳು ವರ್ಷ ಆಂಡ್ರಾಯ್ಡ್ ಮತ್ತು ಸುರಕ್ಷತೆಯ ಅಪ್‌ಡೇಟು. ಮೊಟೊರೊಲಾ ಅಲ್ಟ್ರಾಗೆ ಹೇಳಿರುವುದು ಮೂರು ಆಂಡ್ರಾಯ್ಡ್ ಆವೃತ್ತಿ, ನಾಲ್ಕು ವರ್ಷ ಸುರಕ್ಷತೆ. ಆದರೆ ಕೀಲೇ ಏಳು ವರ್ಷ ಬಾಳುತ್ತದೋ ಎಂದು ಅನುಮಾನವಿರುವ ಫೋನಿನಲ್ಲಿ ಏಳು ವರ್ಷದ ಅಪ್‌ಡೇಟಿಗೆ ನಾನು ಹೆಚ್ಚು ಬೆಲೆ ಕಟ್ಟುವುದಿಲ್ಲ.

ಅಲ್ಟ್ರಾವನ್ನು ನಿಜವಾದ ಮರದ ಬೆನ್ನಿನಲ್ಲೂ ಸಿಂಗರಿಸಿದ್ದಾರೆ. ನಾಲ್ಕರಲ್ಲಿ ಚಂದದ್ದು ಯಾವುದು ಎಂದರೆ ಅದೇ. ಕೈಗೆ ಬೆಚ್ಚಗೆ ಇರುತ್ತದೆ, ಬೆರಳಚ್ಚು ಕಾಣುವುದಿಲ್ಲ. ತೂಕ ಮಾತ್ರ 199 ಗ್ರಾಮ್.

ಬಟನ್ ಇರುವ ಫ್ಲಿಪ್ ಬೇಕೆನ್ನುವವರಿಗೆ

ಪರದೆ ನೋಡಿ ಸಾಕಾಗಿದೆ, ಮುಚ್ಚಿದರೆ ಕರೆ ಕಡಿಯುವ ಹಳೇ ಸುಖ ಬೇಕು ಎನ್ನುವವರು ಹೆಚ್ಚುತ್ತಿದ್ದಾರೆ. ಅವರಲ್ಲಿ ಕೆಲವರು ಇಂಟರ್‌ನೆಟ್ಟಿನಲ್ಲಿ ಹಳೇ ರೇಜರ್ ವಿ3 ಹುಡುಕುತ್ತಾರೆ. ಸಿಗುತ್ತದೆ, ಹೊಸದೆಂದೇ ಸಿಗುತ್ತದೆ. ಬಹುಪಾಲು ಹೊಸ ಚಿಪ್ಪಿನೊಳಗೆ ಹಳೇ ಒಡಲು. ಅದು 2ಜಿ ಫೋನು, ಹಾಗಾಗಿ ಜಿಯೊ ಸಿಮ್ ಕೆಲಸ ಮಾಡುವುದೇ ಇಲ್ಲ. ಏರ್‌ಟೆಲ್ ಸಿಮ್ಮಿಗೆ ಕರೆ ಬಂದೀತು, ಆದರೆ ಈಗಿನ ಚೂರು ಸಿಮ್ಮಿಗೆ ಅಡಾಪ್ಟರ್ ಬೇಕು, ಒಳ್ಳೆಯ ಬ್ಯಾಟರಿ ಸಿಗುವುದು ಕಷ್ಟ. ಷೋಕೇಸಿಗೆ ಆದೀತು.

ನಿಜವಾಗಿ ಬಳಸಲು ನೋಕಿಯಾ 2660 ಫ್ಲಿಪ್ ಇದೆ. 2022ರಲ್ಲಿ 4,699 ರೂಪಾಯಿಗೆ ಬಂದದ್ದು. 4ಜಿ, ಬಿಚ್ಚಿ ಬದಲಿಸಬಹುದಾದ ಬ್ಯಾಟರಿ, ದೊಡ್ಡ ಗುಂಡಿಗಳು, ಬದಿಯಲ್ಲಿ ತುರ್ತು ಕರೆಯ ಗುಂಡಿ. ಮುಚ್ಚಿದಾಗ ಯಾರ ಕರೆ ಎಂದು ಹೊರಗಿನ ಪುಟ್ಟ ಪರದೆಯಲ್ಲಿ ಕಾಣುತ್ತದೆ. ಅಜ್ಜ ಅಜ್ಜಿಗೆ ಕೊಡಿಸಲು ಇದಕ್ಕಿಂತ ಒಳ್ಳೆಯದು ಕಡಿಮೆ. ವಾಟ್ಸ್‌ಆ್ಯಪ್ ಇಲ್ಲ, ಅದು ಕೆಲವರಿಗೆ ಗುಣ, ಕೆಲವರಿಗೆ ದೋಷ. ಒಂದು ಎಚ್ಚರ: ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನು ಇದಕ್ಕೆ ಹಾಕುವ ಮೊದಲು ಯೋಚಿಸಿ. ಯುಪಿಐ ಆ್ಯಪುಗಳು ನೋಂದಣಿಯ ವೇಳೆ ಅದೇ ಫೋನಿನಲ್ಲಿರುವ ಸಿಮ್ಮಿನಿಂದ ಎಸ್‌ಎಂಎಸ್ ಕಳಿಸುತ್ತವೆ. ಸಿಮ್ ಅಲ್ಲಿ ಇಲ್ಲದಿದ್ದರೆ ಮುಂದೆ ಆ್ಯಪ್ ಹೊಸದಾಗಿ ಹಾಕುವಾಗ ಸಿಕ್ಕಿಕೊಳ್ಳುತ್ತೀರಿ. ಬಟನ್ ಫೋನಿನವರಿಗೆಂದೇ 2022ರಲ್ಲಿ ರಿಸರ್ವ್ ಬ್ಯಾಂಕ್ ತಂದ ಯುಪಿಐ 123ಪೇ ಇದೆ. ಅದರಲ್ಲಿ ಕರೆ ಮಾಡಿಯೂ ಹಣ ಕಳಿಸಬಹುದು.

ನನ್ನ ಆಯ್ಕೆ

ಐವತ್ತು ಸಾವಿರದ ಒಳಗೆ ರೇಜರ್ 60. ಇದರ ಪ್ರೊಸೆಸರ್ ಅಷ್ಟು ಜೋರಿನದಲ್ಲ, ಗೇಮ್ ಆಡುವವರಿಗೆ ಸಾಲದು. ಆದರೆ ಮುಚ್ಚಿದಾಗ ಅಲ್ಟ್ರಾ ಮಾಡುವ ಬಹುತೇಕ ಕೆಲಸವನ್ನು ಅರ್ಧ ಬೆಲೆಗೆ ಮಾಡುತ್ತದೆ. ಫ್ಲಿಪ್ ಹಿಡಿಸುತ್ತದೋ ಇಲ್ಲವೋ ಎಂದು ಗೊತ್ತಿಲ್ಲದ ಮೊದಲ ಸಲದವರು ಇಲ್ಲಿಂದಲೇ ಶುರುಮಾಡಲಿ. ಲಕ್ಷದ ಆಸುಪಾಸಿನಲ್ಲಿ ರೇಜರ್ 60 ಅಲ್ಟ್ರಾ, ಸೇಲಿನಲ್ಲಿ ಇಳಿದಾಗ. ತೆಳು, ಹಗುರ ಬೇಕು ಅಥವಾ ಸ್ಯಾಮ್‌ಸಂಗ್ ವಾಚು, ಟ್ಯಾಬು ಆಗಲೇ ಮನೆಯಲ್ಲಿವೆ ಎಂದಾದರೆ ಫ್ಲಿಪ್ 7. ಫ್ಲಿಪ್ 7 ಎಫ್‌ಇಗೆ ನನ್ನ ಓಟು ಇಲ್ಲ. ಸಣ್ಣ ಹೊರಪರದೆ ಇಟ್ಟು ದೊಡ್ಡ ಬೆಲೆ ಕೇಳುತ್ತದೆ, ಅಂದರೆ ಉಳಿತಾಯ ಮಾಡಿರುವುದು ಸರಿಯಾಗಿ ಆ ಮುಖ್ಯವಾದ ಜಾಗದಲ್ಲೇ.

ಸೆಕೆಂಡ್‌ಹ್ಯಾಂಡ್ ಫ್ಲಿಪ್ ಕೊಳ್ಳುವವರು ಹೊರಗಿನ ಗೀರು ನೋಡುವುದಕ್ಕಿಂತ ಮೊದಲು ಫೋನನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಬಿಚ್ಚಿ ಮುಚ್ಚಬೇಕು. ಸದ್ದು ಬಂದರೆ ಅಲ್ಲೇ ಬಿಡಿ. ಪೂರ್ತಿ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆಯೇ, ಅರ್ಧದಲ್ಲಿ ನಿಲ್ಲುತ್ತದೆಯೇ, ಬಿಳಿ ಚಿತ್ರ ತೆರೆದರೆ ಮಡಿಕೆಯಲ್ಲಿ ಕಪ್ಪು ಚುಕ್ಕಿಯೋ ಹಸಿರು ಗೆರೆಯೋ ಇದೆಯೇ ನೋಡಿ. ಇನ್ನೊಂದು, ಮನೆಯಲ್ಲಿ ಯಾರಿಗಾದರೂ ಎದೆಯಲ್ಲಿ ಪೇಸ್‌ಮೇಕರ್ ಹಾಕಿದ್ದರೆ: ಈ ಫೋನುಗಳು ಮುಚ್ಚಿಕೊಂಡಿರಲು ಒಳಗೆ ಆಯಸ್ಕಾಂತಗಳಿರುತ್ತವೆ, ಅಂಥ ಸಾಧನಗಳಿಂದ ದೂರ ಇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ಅವರು ಅದನ್ನು ಅಂಗಿಯ ಎಡಜೇಬಿನಲ್ಲಿ ಇಟ್ಟುಕೊಳ್ಳುವುದು ಬೇಡ. ಯಾವ ಫೋನು ಎಂದು ತೀರ್ಮಾನಿಸುವ ಮೊದಲು ಡಾಕ್ಟರನ್ನೂ ಒಂದು ಮಾತು ಕೇಳಲಿ.